ಬಲ ಅಂಚಿನ ಹಳೆಯ ಎಳೆಗಳು

ಹಳೆಯ ನೋಟ್‌ಪುಸ್ತಕವೊಂದನ್ನು ಬಿಡಿಸಿದಾಗ ಹಾಳೆಗಳ ನಡುವಿನಿಂದ ಗೇಣುದ್ದದ ನೂಲಿನ ಗೊಂಚಲೊಂದು ಮಡಿಲಿಗೆ ಬಿತ್ತು. ಪ್ರತಿ ಎಳೆಯೂ ಅರ್ಧ ಬದನೆಕಾಯಿ ಬಣ್ಣ, ಅರ್ಧ ಗಿಳಿಹಸಿರು. ಎತ್ತಿ ಮೂಗಿನ ಬಳಿ ಹಿಡಿದೆ. ಇಷ್ಟು ವರ್ಷಗಳ ಮೇಲೂ ಅದರಲ್ಲಿ ಒಲೆಬೂದಿಯ ವಾಸನೆ ಉಳಿದಿತ್ತು. ಅಥವಾ ಉಳಿದಿದೆ ಎಂದು ನನಗೇ ಅನ್ನಿಸಿತೋ… ಖಚಿತವಾಗಿ ಹೇಳಲಾರೆ. ನಾಳೆ ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಜೀವಕೋಶದ ಬಗ್ಗೆ ಮಾತನಾಡಬೇಕಾಗಿದೆ. ಅದಕ್ಕಾಗಿ ಟಿಪ್ಪಣಿ ಹುಡುಕುತ್ತಿದ್ದವಳಿಗೆ ಟಿಪ್ಪಣಿಗಿಂತ ಮೊದಲು ಸಿಕ್ಕಿದ್ದು ಪಕ್ಕದ ಮನೆಯ ದೊಡ್ಡಮ್ಮ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಾಗಿರಲಿಲ್ಲ. ನಮ್ಮೆರಡು ಮನೆಗಳ ನಡುವೆ ಒಂದು ಮೊಣಕಾಲುದ್ದದ ಗೋಡೆ ಇತ್ತು, ಅಷ್ಟೇ. ಅವರು ಅಚ್ಚು ಕೆಚ್ಚುವ ಕೆಲಸ ಮಾಡುತ್ತಿದ್ದರು. ಮಗ್ಗ ಕಾಣದವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ಸೀರೆಯ ಉದ್ದಕ್ಕೆ ಓಡುವ ಸಾವಿರಾರು ಎಳೆಗಳು ಮಗ್ಗದ ಹಿಂದೆ ನೂಲು ಸುತ್ತಿಟ್ಟ ಉರುಳೆಯಿಂದ, ಅಂದರೆ ಬೀಮಿನಿಂದ ಬಂದು, ಮೊದಲು ಒಂದೊಂದೂ ತನ್ನದೇ ಕುಣಿಕೆಯೊಳಗೆ, ಆಮೇಲೆ ಬಾಚಣಿಗೆಯಂಥ ಅಚ್ಚಿನ ಹಲ್ಲುಗಳ ಸಂದಿಯೊಳಗೆ ಹಾದು ಮುಂದೆ ಬರುತ್ತವೆ. ಯಾವ ಎಳೆ ಯಾವ ಕುಣಿಕೆಯಲ್ಲಿ ಎಂಬುದೇ ಸೀರೆಯ ವಿನ್ಯಾಸ. ಬೀಮು ಮುಗಿದಾಗ ನೇಯ್ದ ಸೀರೆಯನ್ನು ಕತ್ತರಿಸಿ ಇಳಿಸುತ್ತಾರೆ. ಆದರೆ ಹಳೆಯ ಎಳೆಗಳ ಬಾಲವನ್ನು ಮಾತ್ರ ಕುಣಿಕೆಗಳಲ್ಲೇ ಬಿಡುತ್ತಾರೆ. ಅವು ಜಾರಿಹೋಗದ ಹಾಗೆ ಮುಂದುಗಡೆ ಹಿಡಿ ಹಿಡಿಯಾಗಿ ಗಂಟು ಕಟ್ಟಿರುತ್ತಾರೆ. ಹೊಸ ಬೀಮು ಬಂದ ಮೇಲೆ ಅದರ ಪ್ರತಿ ಎಳೆಯನ್ನೂ ಹಿಂದುಗಡೆಯಲ್ಲಿ ಅದರದರ ಹಳೆಯ ಎಳೆಗೆ ಹೊಸೆದು ಸೇರಿಸಬೇಕು. ಬಳಿಕ ಮೆಲ್ಲಗೆ ಮುಂದಕ್ಕೆಳೆದರೆ ಹಳೆಯದು ಹೊಸದನ್ನು ಕೈಹಿಡಿದು ಅದರ ಜಾಗಕ್ಕೆ ಕರೆತರುತ್ತದೆ. ದೊಡ್ಡಮ್ಮ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ದಿನವಿಡೀ ಹೀಗೆ ಹೊಸೆಯುತ್ತಿದ್ದರು.

ಅವರಿಲ್ಲದೆ ಆ ಬೀದಿಯ ಒಂದು ಮಗ್ಗವೂ ಎರಡನೆಯ ಬೀಮಿಗೆ ದಾಟುತ್ತಿರಲಿಲ್ಲ. ಆದರೂ ನೇಕಾರರ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಲಾಳಿ ಓಡಿಸುವ ಗಂಡಸು ನೇಕಾರ, ಕೆಚ್ಚುವ ಹೆಂಗಸು ‘ಸಹಾಯಕ್ಕೆ ಬರುವವಳು’. ಒಂಬತ್ತನೆಯ ವಯಸ್ಸಿಗೆ ಶಾಲೆ ಬಿಡಿಸಿ ಅವರನ್ನು ಈ ಕೆಲಸಕ್ಕೆ ಕೂರಿಸಿದ್ದು ಅನ್ಯಾಯ. ನಲವತ್ತು ವರ್ಷ ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕೂರಿಸಿ ಕಣ್ಣನ್ನು ಮಂಜಾಗಿಸಿದ್ದು ಇನ್ನೊಂದು ಅನ್ಯಾಯ. ಹಾಗೆ ಮಂಜಾದ ಕಣ್ಣನ್ನೇ ಅವರ ತಪ್ಪೆಂದು ಎಣಿಸಿದ್ದು ಎಲ್ಲಕ್ಕಿಂತ ದೊಡ್ಡದು. ಇವನ್ನು ಒಂದೊಂದಾಗಿ ಹೆಸರಿಟ್ಟು ಹೇಳುವುದೇ ನಾನು ಬದುಕಿನಲ್ಲಿ ಆಯ್ದುಕೊಂಡ ಕೆಲಸವಾದ್ದರಿಂದ ಇಲ್ಲಿಯೂ ಹೇಳುತ್ತಿದ್ದೇನೆ. ಆದರೆ ಆ ಪಟ್ಟಿಯಲ್ಲಿ ನನ್ನದೂ ಒಂದಿದೆ.

ಆಗ ನಾನು ಎಂಎಸ್ಸಿ ಎರಡನೆಯ ವರ್ಷದಲ್ಲಿದ್ದೆ. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಊರಿಗೆ ಬಂದಿದ್ದೆ. ಆ ವಾರ ದೊಡ್ಡಮ್ಮನ ಮನೆಯಲ್ಲಿ ಒಂದು ಆತಂಕ ಕೂತಿತ್ತು. ಅವರು ಕೆಚ್ಚುತ್ತಿದ್ದ ಆರು ಮಗ್ಗಗಳ ಶೆಡ್ಡು ಒಬ್ಬನೇ ಮಾಲೀಕನದು. ಅವನು ಅವರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದ: “ನಿಮ್ಗೆ ಕಣ್ಣು ಕಾಣ್ಸಲ್ಲ ಅಂತ ಎಲ್ಲಾ ಹೇಳ್ತಾರಮ್ಮ. ಈ ಬೀಮು ಶನಿವಾರದೊಳ್ಗೆ ತಪ್ಪಿಲ್ದಂಗೆ ಕೂರ್ಸಿ ತೋರ್ಸಿ. ಇಲ್ಲಾಂದ್ರೆ ಗಂಟು ಹಾಕೋ ಮಿಷನ್ನೋರ್ನ ಕರೆಸ್ತೀನಿ.” ಗಂಡ ಕೆಮ್ಮಿನಿಂದ ಮೂಲೆ ಸೇರಿದ್ದ ಆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಆರು ಮಗ್ಗಗಳಿಂದಲೇ.

ಗುರುವಾರ ಬೆಳಿಗ್ಗೆ ನಾನೂ ನೋಟ್‌ಪುಸ್ತಕ ಹಿಡಿದು ಶೆಡ್ಡಿಗೆ ಹೋದೆ. ಪಕ್ಕದ ಐದು ಮಗ್ಗಗಳ ಸದ್ದಿನಲ್ಲಿ ಓದು ತಲೆಗೆ ಹತ್ತುವುದಿಲ್ಲ ಎಂದು ಗೊತ್ತಿದ್ದರೂ ಅವರ ಜೊತೆಗಿರಬೇಕು ಅನ್ನಿಸಿತ್ತು. ಓದಿಯೂ ಅರ್ಥವಾಗದ ಪಾಠವೊಂದು ನನ್ನನ್ನು ಕಾಡುತ್ತಿತ್ತು. ನಮ್ಮ ಡಿಎನ್‌ಎ ಬರಿಯ ದಾರವಾಗಿ ಬಿದ್ದಿರುವುದಿಲ್ಲ. ನೂಲು ಸುತ್ತುವ ಕೊಳವೆಗಳಂಥ, ಹಿಸ್ಟೋನ್ ಎಂಬ ಪ್ರೋಟೀನುಗಳ ಪುಟ್ಟ ಕಂಡಿಕೆಗಳಿಗೆ ಅದು ಸುತ್ತಿಕೊಂಡಿರುತ್ತದೆ. ಆ ಕಂಡಿಕೆಗಳ ಮೇಲೆ ರಾಸಾಯನಿಕ ಗುರುತುಗಳಿರುತ್ತವೆ. ದಾರದ ಯಾವ ಭಾಗ ತೆರೆದು ಕೆಲಸ ಮಾಡಬೇಕು, ಯಾವುದು ಮುಚ್ಚಿರಬೇಕು ಎಂಬುದಕ್ಕೆ ಅವೂ ಕಾರಣ. ದಾರ ಒಂದೇ ಆದರೂ ಕಣ್ಣಿನ ಜೀವಕೋಶ ಕಣ್ಣಾಗಿ, ಚರ್ಮದ್ದು ಚರ್ಮವಾಗಿ ಉಳಿಯುವುದಕ್ಕೆ ಈ ಕಟ್ಟು ಬೇಕು. ಆದರೆ ಜೀವಕೋಶ ಎರಡಾಗುವ ಮುನ್ನ ದಾರದ ಪ್ರತಿ ತೆಗೆಯಬೇಕಾದಾಗ ದಾರಿಗಡ್ಡವಾದ ಕಂಡಿಕೆಗಳನ್ನೆಲ್ಲ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಅವೇ ಗುರುತುಗಳು ಅದೇ ಜಾಗಕ್ಕೆ ಮರಳಿ ಬರುವುದು ಹೇಗೆ? ದಾರದ ಅಕ್ಷರಗಳಿಗಾದರೆ ಎದುರು ಎಳೆಯೇ ಅಚ್ಚುಪಡಿ. ಈ ಕಟ್ಟಿಗಾದರೋ ಅಚ್ಚುಪಡಿ ಯಾವುದು? ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಕನ್ನಡದಲ್ಲಿ ಒಂದು ವಾಕ್ಯ ಹೇಳಲು ಬರುತ್ತಿರಲಿಲ್ಲ. ನನ್ನ ಊರಿನ ಮಾತಿನಲ್ಲಿ ನನಗೆ ವಿಜ್ಞಾನ ಕಲಿಸದಿದ್ದುದೂ ಒಂದು ಅನ್ಯಾಯವೇ.

ದೊಡ್ಡಮ್ಮ ಗಂಡನಿಗೆ ಗಂಜಿ ಕೊಟ್ಟು ಬರುತ್ತೇನೆಂದು ಮನೆಗೆ ಹೋದರು. ಹೊಸ ಬೀಮು ಆಗಲೇ ಮಗ್ಗದ ಹಿಂದೆ ಕೂತಿತ್ತು, ಗಿಳಿಹಸಿರು. ಮಗ್ಗದ ಮುಂದೆ ಹಳೆಯ ಬದನೆ ಬಣ್ಣದ ಎಳೆಗಳ ತುಂಡುಗಳು ಗಂಟುಗಂಟಾಗಿ, ಧೂಳು ಮೆತ್ತಿಕೊಂಡು ಜೋತುಬಿದ್ದಿದ್ದವು. ಆ ಹೊತ್ತಿನವರೆಗೆ ಕೆಚ್ಚುವುದನ್ನು ನಾನು ದೂರದಿಂದ ನೋಡಿದ್ದೆನೇ ಹೊರತು ಹತ್ತಿರ ಕೂತು ತಿಳಿದವಳಲ್ಲ. ಮೂರು ದಿನಗಳಲ್ಲಿ ಮುಗಿಸಬೇಕಾದ ಕೆಲಸ, ಅವರ ಬೆನ್ನುನೋವು, ಆ ಧೂಳು… ನನ್ನ ಕೈಲಾದ ಸಹಾಯ ಮಾಡೋಣವೆಂದು ಬಲಗಡೆಯ ಅಂಚಿನಿಂದ ಶುರುಮಾಡಿ ಒಂದೊಂದೇ ಗಂಟು ಬಿಚ್ಚಿ ಹಳೆಯ ಎಳೆಗಳನ್ನು ಎಳೆದುಹಾಕತೊಡಗಿದೆ. ಸುಲಭವಾಗಿ ಜಾರಿ ಬರುತ್ತಿದ್ದವು. ಕೆಲವು ಗಂಟುಗಳು ಬಿಗಿಯಾಗಿದ್ದರಿಂದ ಬಿಟ್ಟು ಮುಂದಕ್ಕೆ ಹೋದೆ.

“ಏನೇ ಮಾಡ್ತಿದೀಯ?”

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು.

“ಹಳೇ ನೂಲು ತೆಗೀತಿದೀನಿ ದೊಡ್ಡಮ್ಮ. ಹೊಸಾದಕ್ಕೆ ಜಾಗ ಆಗ್ಲಿ ಅಂತ.”

ಅವರು ಹತ್ತಿರ ಬಂದರು. ನೆಲದ ಮೇಲಿನ ಬದನೆ ಬಣ್ಣದ ರಾಶಿಯನ್ನು ನೋಡಿದರು. ಖಾಲಿ ಕುಣಿಕೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮಗ್ಗದ ಕಾಲಿಗೊರಗಿ ನೆಲದ ಮೇಲೆ ಕೂತುಬಿಟ್ಟರು.

“ಜಾಗ ಮಾಡ್ಕೊಟ್ಯಾ ತಾಯಿ… ಪುಣ್ಯಾತ್ಗಿತ್ತಿ. ಬಾ ಇಲ್ಲಿ, ನಿನ್ನ ಜಡೆ ಕಿತ್ತು ನಾನೂ ಒಸಿ ಜಾಗ ಮಾಡ್ಕೊಡ್ತೀನಿ.”

ಏನು ಮಾಡಿದ್ದೇನೆಂದು ಅವರೇ ತಿಳಿಸಿದರು. ಆ ಸೀರೆಯ ಅಂಚಿಗೆ ಆ ಮಗ್ಗದ್ದೇ ಆದ ಒಂದು ಕ್ರಮವಿತ್ತು. ಒಂದು ಸಂದಿಗೆ ಎರಡು ಎಳೆ, ಮುಂದಿನದಕ್ಕೆ ನಾಲ್ಕು, ನಡುವೆ ಬುಟ್ಟಾದ ಎಳೆಗಳು. ಯಾವ ಕಾಗದದಲ್ಲೂ ಅದು ಬರೆದಿರಲಿಲ್ಲ. ಕುಣಿಕೆಯಲ್ಲಿ ಕೂತಿದ್ದ ಹಳೆಯ ಎಳೆಗಳೇ ಅದರ ಬರಹ. ಅದನ್ನು ನಾನು ಕಸವೆಂದು ಕಿತ್ತುಹಾಕಿದ್ದೆ. ನಾನು ಅಳತೊಡಗಿದೆ.

“ಅಳ್ಬೇಡ. ಅತ್ರೆ ಕಣ್ಣು ಮಂಜಾಗುತ್ತೆ. ನಂಗೆ ಮೊದ್ಲೇ ಮಂಜು. ಇಬ್ಬರ್ಗೂ ಮಂಜಾದ್ರೆ ಎಳೆ ನೋಡೋರ್ಯಾರು?” ಎಂದು ಅವರು ಸೆರಗಿನಿಂದ ನನ್ನ ಮುಖ ಒರೆಸಿ ಎದ್ದರು. “ಅಷ್ಟೂ ಕಿತ್ತಿಲ್ವಲ್ಲ. ಎಲ್ಲೆಲ್ಲಿ ಬಿಟ್ಟಿದೀಯ ತೋರ್ಸು.”

ಬಿಗಿಯಾಗಿದ್ದ ಗಂಟುಗಳ ಎಳೆಗಳು ಅಲ್ಲಲ್ಲಿ ಉಳಿದಿದ್ದವು. ಐದಾರು ಎಳೆ, ಆಮೇಲೆ ಖಾಲಿ. ಮತ್ತೆ ಹತ್ತು ಎಳೆ, ಮತ್ತೆ ಖಾಲಿ. ಅವರು ಒಂದು ಹಳೆಯ ಎಳೆಯನ್ನು ಮುಟ್ಟಿ, ಅದು ಯಾವ ಸಾಲಿನ ಕುಣಿಕೆಯಲ್ಲಿದೆ, ಅಚ್ಚಿನ ಸಂದಿಯಲ್ಲಿ ಎಷ್ಟರ ಜೊತೆ ಕೂತಿದೆ ಎಂದು ಬೆರಳಿನಿಂದ ಓದಿದರು.

“ನೋಡು, ಇದು ಕೂತಿದೆ. ಇದ್ರ ಪಕ್ಕ ಏನ್ ಬರ್ಬೇಕು ಅಂತ ಇದೇ ಹೇಳುತ್ತೆ. ನೀನ್ ಹಿಂದ್ಗಡೆ ಕೂತ್ಕೊಂಡು ಹಸಿರು ಎಳೆ ಒಂದೊಂದೇ ಕೊಡು. ನಾನ್ ಹೇಳಿದ್ದನ್ನೇ ಕೊಡ್ಬೇಕು. ತಲೆ ಓಡಿಸ್ಬೇಡ, ಬೆಳಿಗ್ಗೆ ಓಡಿಸಿದ್ದು ಸಾಕು.”

ಗುರುವಾರವೂ ಶುಕ್ರವಾರವೂ ಹಗಲೆಲ್ಲ ನಾನು ಮಗ್ಗದ ಹಿಂದೆ, ಅವರು ಮುಂದೆ. ನಾನು ಎಳೆ ಚಾಚುತ್ತಿದ್ದೆ, ಅವರ ಕೊಕ್ಕೆ ಕುಣಿಕೆಯೊಳಗಿಂದ ಬಂದು ಅದನ್ನು ಕಚ್ಚಿಕೊಂಡು ಹೋಗುತ್ತಿತ್ತು. ಹಳೆಯದು ಉಳಿದ ಕಡೆ ಹೊಸೆದು ಸೇರಿಸುತ್ತಿದ್ದರು. ಖಾಲಿಯಿದ್ದ ಕಡೆ ಪಕ್ಕದ ಹಳೆಯದನ್ನು ಮುಟ್ಟಿ ಅದೇ ಕ್ರಮವನ್ನು ಮುಂದಕ್ಕೆ ಹರಡುತ್ತಿದ್ದರು. ಅನುಮಾನ ಬಂದರೆ ನಾನು ಮುಟ್ಟದಿದ್ದ ಎಡ ಅಂಚಿನ ಬಳಿಗೆ ಹೋಗಿ ತಡವಿ ಬರುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಎಲ್ಲೋ ನಡುವೆ ನನ್ನ ಕೈ ಎಳೆ ಹಿಡಿದಂತೆಯೇ ನಿಂತುಹೋಯಿತು. ಕಾಡುತ್ತಿದ್ದ ಪಾಠ ಕಣ್ಣೆದುರಿಗೇ ನಡೆಯುತ್ತಿತ್ತು.

“ದೊಡ್ಡಮ್ಮ, ನಮ್ ಮೈಯೊಳ್ಗೂ ಹಿಂಗೇ ಆಗುತ್ತೆ” ಎಂದೆ. ಕಂಡಿಕೆ, ದಾರ, ಗುರುತು ಎಂದು ನನಗೆ ಬಂದ ಹಾಗೆ, ಜೀವನದಲ್ಲಿ ಮೊದಲ ಸಲ ಕನ್ನಡದಲ್ಲಿ ಹೇಳಿದೆ. ದಾರದ ಪ್ರತಿ ತೆಗೆಯುವಾಗ ಕಂಡಿಕೆಗಳನ್ನೆಲ್ಲ ಕಿತ್ತುಹಾಕುವುದನ್ನೂ ಹೇಳಿದೆ.

“ಅಂದ್ರೆ ಮೈಯೊಳ್ಗೂ ನಿನ್ನಂಗೆ ಕೀಳೋರು ಇದಾರೆ ಅನ್ನು.”

“ಇದಾರೆ. ಆದ್ರೆ ಅವ್ರು ಕಿತ್ತಿದ್ದನ್ನ ಬಿಸಾಕಲ್ಲ. ಕೈಯಲ್ಲೇ ಹಿಡ್ಕೊಂಡಿದ್ದು, ಪ್ರತಿ ಆಗ್ತಿದ್ದಂಗೆ ಅಲ್ಲೇ ಹತ್ರದಲ್ಲಿ ವಾಪಸ್ ಕೂರಿಸ್ತಾರೆ.”

“ಹಂಗಾದ್ರೆ ನಿಂಗಿಂತ ವಾಸಿ ಬಿಡು.” ಕೊಕ್ಕೆ ಬಂತು, ಎಳೆ ಹೋಯಿತು. “ದಾರ ಒಂದಿದ್ದಿದ್ದು ಎರಡಾಯ್ತು ಅಂದ್ಯಲ್ಲ. ಹಳೇ ಕಂಡಿಕೆ ಯಾವ್ದಕ್ಕೆ ಹೋಗುತ್ತೆ?”

ಎಂಎಸ್ಸಿ ತರಗತಿಯಲ್ಲಿ ನಾವ್ಯಾರೂ ಕೇಳದಿದ್ದ ಪ್ರಶ್ನೆ ಅದು.

“ಹೆಚ್ಚುಕಮ್ಮಿ ಅರ್ಧ ಈ ದಾರಕ್ಕೆ, ಅರ್ಧ ಆ ದಾರಕ್ಕೆ.”

“ಹಂಗಾದ್ರೆ ಎರಡು ಕಡೆನೂ ಖಾಲಿ ಬೀಳುತ್ತೆ.”

“ಖಾಲಿ ಜಾಗಕ್ಕೆ ಹೊಸವು ಬರ್ತವೆ. ಆದ್ರೆ ಅವುಕ್ಕೆ ಗುರುತಿರಲ್ಲ, ಏನೂ ಗೊತ್ತಿರಲ್ಲ.”

“ಪಕ್ಕದ ಹಳೇದ್ರಿಂದ ತಿಳ್ಕೋಬೇಕು.”

“ಹೂಂ. ಅದಕ್ಕೇ ಅಂತ ಒಂದು ಪ್ರೋಟೀನು ಇದೆ ದೊಡ್ಡಮ್ಮ. ಹಳೇದ್ರ ಗುರುತನ್ನ ಹಿಡ್ಕೊಂಡು, ಪಕ್ಕದ ಹೊಸದ್ರ ಮೇಲೂ ಅದೇ ಗುರುತು ಹಾಕುತ್ತೆ. ತಕ್ಷಣ ಮುಗಿಯಲ್ಲ. ಕೆಲವು ಗುರುತು ತುಂಬೋಕೆ ತುಂಬಾ ಹೊತ್ತಾಗುತ್ತೆ.”

ದೊಡ್ಡಮ್ಮ ಬೂದಿ ಹತ್ತಿದ ತಮ್ಮ ಬೆರಳುಗಳನ್ನು ಒಂದು ಕ್ಷಣ ಮೇಲೆತ್ತಿ ನೋಡಿಕೊಂಡರು. “ಅದಕ್ಕೂ ಶನಿವಾರದ ಗಡುವು ಕೊಟ್ಟಿದಾರಾ?” ಎಂದರು.

ನಾನು ನಗುತ್ತಾ ಎಳೆ ಚಾಚಿದೆ. ಬಹುಶಃ ಆ ನಗುವಿನಲ್ಲೇ ಇರಬೇಕು, ಎರಡು ಎಳೆಗಳನ್ನು ಹಿಂದುಮುಂದು ಮಾಡಿ ಕೊಟ್ಟದ್ದು.

ಎಡಗಡೆ ಕೊನೆಯಲ್ಲಿ ಉಳಿದಿದ್ದ ಒಂದಷ್ಟು ಎಳೆಗಳನ್ನು ನನ್ನಿಂದಲೇ ಕೆಚ್ಚಿಸಿದರು. ನನ್ನ ಬೆರಳಿನಲ್ಲಿ ಹೊಸೆತ ನಿಲ್ಲಲಿಲ್ಲ. ಎಳೆ ಬಿಟ್ಟುಬಿಟ್ಟು ಹೋಗುತ್ತಿತ್ತು. ಕೊನೆಗೆ ಗಂಟು ಹಾಕಿದೆ. ಅಚ್ಚಿನ ಸಂದಿಯಲ್ಲಿ ಗಂಟು ಸಿಕ್ಕಿಕೊಳ್ಳುತ್ತದೆಂದು ಗೊಣಗುತ್ತಲೇ ಅವರು ನನ್ನ ಒಂದೊಂದು ಗಂಟನ್ನೂ ಉಗುರಿನಿಂದ ಹುಷಾರಾಗಿ ದಾಟಿಸಿದರು.

ಶನಿವಾರ ಮಧ್ಯಾಹ್ನ ಮಗ್ಗ ಓಡಿತು. ಮಾಲೀಕ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಲ ಅಂಚಿನ ಒಳಮಗ್ಗುಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಉದ್ದಕ್ಕೆ ಓಡಿತ್ತು.

“ನಾನ್ ಹೇಳ್ಲಿಲ್ವಾ?” ಎಂದ. “ಕೆಲ್ಸ ನಿಮ್ಮೋರ ರಕ್ತದಲ್ಲೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಕಣ್ಣು ಹೋದ್ಮೇಲೆ ಏನ್ ಮಾಡೋದು?”

ನನಗೆ ರೇಗಿತು. ಈ ಶೆಡ್ಡಿಗೆ ಕಿಟಕಿ ಇಟ್ಟಿದ್ದೀರಾ, ದೀಪ ಹಾಕಿಸಿದ್ದೀರಾ, ಇವರ ಕಣ್ಣು ಒಂದು ಸಲವಾದರೂ ಪರೀಕ್ಷೆ ಮಾಡಿಸಿದ್ದೀರಾ, ಹೆಂಗಸರಿಗೊಂದು ಶೌಚಾಲಯವಿದೆಯಾ ಎಂದು ಕೇಳಿದೆ. ಕೌಶಲ ರಕ್ತದಲ್ಲಿ ಬರುವುದಿಲ್ಲ, ಒಂಬತ್ತು ವರ್ಷದ ಹುಡುಗಿಯ ಬಾಲ್ಯವನ್ನು ಕಿತ್ತುಕೊಂಡು ಕಲಿಸಿದ್ದು ಅದು, ರಕ್ತದಲ್ಲಿದೆ ಎಂದುಬಿಟ್ಟರೆ ಕೂಲಿಯೂ ಕೇಳಬಾರದು ಹೆಸರೂ ಕೇಳಬಾರದು ಎಂಬ ಹುನ್ನಾರ ಅದು ಎಂದೆ. ಅಂದು ಹೇಳಿದ ಒಂದು ಮಾತನ್ನೂ ಇಂದು ಹಿಂತೆಗೆದುಕೊಳ್ಳುವುದಿಲ್ಲ. ಎಲ್ಲವೂ ನಿಜವೇ ಆಗಿತ್ತು. ಮಗ್ಗ ಓಡಿಸುವವನು ಮಗ್ಗ ನಿಲ್ಲಿಸಿ ಕೇಳುತ್ತಿದ್ದ.

ದೊಡ್ಡಮ್ಮ ನನ್ನ ತೋಳು ಹಿಡಿದರು. “ಮೊದ್ಲು ನಾನೇ ಕಿತ್ತೆ ಅಂತ ಹೇಳವ್ವ. ಆಮೇಲೆ ಭಾಷಣ ಮಾಡು.”

ಅಷ್ಟು ಹೊತ್ತು ಎಲ್ಲರ ತಪ್ಪನ್ನೂ ಹೇಳಿದ್ದೆ. ನನ್ನದನ್ನು ಹೇಳಿರಲಿಲ್ಲ. ಅವರ ಅನ್ನ ಹೋಗುವ ಹೊತ್ತಿನಲ್ಲಿ, ಅವರ ಪರವಾಗಿ ಮಾತನಾಡುತ್ತಲೇ ಅದನ್ನು ಮರೆತಿದ್ದೆ. ಹಳೆಯ ಎಳೆಗಳನ್ನು ಕಿತ್ತವಳು ನಾನು, ಹಿಂದುಮುಂದು ಕೊಟ್ಟವಳೂ ನಾನು ಎಂದೆ. ಮಾಲೀಕ ನಂಬಲಿಲ್ಲ. “ಪಾಪ, ಬಿಟ್ಕೊಡಬಾರ್ದು ಅಂತ ಹೇಳ್ತಿದೀಯಮ್ಮ” ಎಂದ.

ದೊಡ್ಡಮ್ಮ ನನ್ನ ತೋಳು ಬಿಟ್ಟರು. ಬಟ್ಟೆಯನ್ನು ನೋಡಲೇ ಇಲ್ಲ. ಮಗ್ಗದ ಹಿಂದೆ ಹೋಗಿ, ಮುಖವನ್ನು ಮಾಲೀಕನ ಕಡೆಗೇ ತಿರುಗಿಸಿಕೊಂಡು, ಅಂಚಿನ ಎಳೆಗಳ ಮೇಲೆ ಬೆರಳು ಹರಿಸಿದರು. ಬೆರಳು ಒಂದು ಕಡೆ ನಿಂತಿತು. “ಇಲ್ಲಿ. ಇವೆರಡು ಒಂದ್ರ ಮೇಲೊಂದು ಹತ್ತಿವೆ.” ಅವನು ಬಾಗಿ ನೋಡಿದ. ಎಳೆಗಳನ್ನು ಅವನೇ ಬಿಡಿಸಿ ಬಿಡಿಸಿ ನೋಡಿದ ಮೇಲೆ ಕಾಣಿಸಿತು. ಆ ಎರಡು ಎಳೆಗಳನ್ನು ಕತ್ತರಿಸಿ, ಸರಿಯಾದ ಕುಣಿಕೆಗೆ ಏರಿಸಿ, ಹೊಸೆದು ಕೂರಿಸುವಷ್ಟರಲ್ಲಿ ಮಗ್ಗದವನ ಬೀಡಿ ಅರ್ಧವೂ ಮುಗಿದಿರಲಿಲ್ಲ. ಮತ್ತೆ ಮಗ್ಗ ಓಡಿತು. ಗೆರೆ ನಿಂತುಹೋಗಿತ್ತು.

“ಮಿಷನ್ನೋರ್ಗೆ ಫೋನ್ ಮಾಡ್ಬಿಟ್ಟಿದೀರಾ?” ಎಂದು ದೊಡ್ಡಮ್ಮ ಕೇಳಿದರು.

“ಇಲ್ಲಮ್ಮ… ನೀವೇ ನೋಡ್ಕೊಳ್ಳಿ” ಎಂದು ಅವನು ಚಪ್ಪಲಿ ಮೆಟ್ಟಿದ. ಆರು ಮಗ್ಗಗಳು ಅವರಿಗೇ ಉಳಿದವು. ಕೆಲ ದಿನಗಳ ಮೇಲೆ ಒಂದು ಟ್ಯೂಬ್‌ಲೈಟೂ ಬಂತು. ಕಿಟಕಿ ಬರಲಿಲ್ಲ, ಶೌಚಾಲಯ ಬರಲಿಲ್ಲ, ಪಟ್ಟಿಯಲ್ಲಿ ಹೆಸರೂ ಬರಲಿಲ್ಲ. ಅದಕ್ಕಾಗಿ ಆಮೇಲೆ ನಾನು ಎಷ್ಟೋ ಅಧಿಕಾರಿಗಳ ಮೇಜುಗಳ ಮುಂದೆ ನಿಂತಿದ್ದೇನೆ. ಪ್ರತಿ ಸಲವೂ ಬಾಯಿ ತೆರೆಯುವ ಮುನ್ನ, ಇದರಲ್ಲಿ ನಾನು ಕಿತ್ತದ್ದು ಏನಾದರೂ ಇದೆಯೇ ಎಂದು ನನ್ನನ್ನೇ ಕೇಳಿಕೊಳ್ಳುವುದು ಅಭ್ಯಾಸವಾಗಿದೆ.

ಕೆಚ್ಚುವವರಲ್ಲಿ ಒಂದು ಪದ್ಧತಿಯಿತ್ತು. ಹೊಸ ಎಳೆಗಳನ್ನು ಮುಂದಕ್ಕೆಳೆದ ಮೇಲೆ, ಸೇರಿಕೆಯಿರುವ ತುದಿಗಳನ್ನು ಕತ್ತರಿಸಿ ಗೊಂಚಲು ಕಟ್ಟಿ, ಆ ಬೀಮಿನ ಮೊದಲ ಸೀರೆ ಇಳಿಯುವವರೆಗೂ ಜೋಪಾನವಾಗಿ ಇಡುತ್ತಿದ್ದರು. ಏನಾದರೂ ದೂರು ಬಂದರೆ ತೋರಿಸಲು ಅದೇ ಅವರ ಸಾಕ್ಷಿ. ಆ ಸಲದ ಮೊದಲ ಸೀರೆ ಇಳಿದ ದಿನ ದೊಡ್ಡಮ್ಮ ಮೊಣಕಾಲುದ್ದದ ಗೋಡೆಯ ಬಳಿ ನನ್ನನ್ನು ಕರೆದು ಗೊಂಚಲನ್ನು ಎರಡಾಗಿ ಸೀಳಿದರು. “ಅರ್ಧ ನಿಂಗೆ, ಅರ್ಧ ನಂಗೆ. ಪರೀಕ್ಷೆಲಿ ಮರ್ತೋದ್ರೆ ಮುಟ್ಟಿ ನೋಡ್ಕೊ. ಕಸ ಅಂತ ಬಿಸಾಕ್ಬೇಡ ಮತ್ತೆ!”

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ.

ದೊಡ್ಡಮ್ಮ ಹೋಗಿ ಈಗ ಎರಡು ವರ್ಷ. ಆಗ ನಾನು ಊರಲ್ಲಿರಲಿಲ್ಲ. ಸುದ್ದಿ ತಿಳಿದು ಬಂದಾಗ ಅವರ ಪಾಲಿನ ಗೊಂಚಲನ್ನು ಕೇಳಿದೆ. ಮನೆ ಖಾಲಿ ಮಾಡುವಾಗ ಹಳೆಯ ನೂಲು, ಬೂದಿಯ ಡಬ್ಬಿ ಎಲ್ಲ ಕಸಕ್ಕೆ ಹೋಯಿತು ಎಂದರು. ಯಾರನ್ನೂ ದೂರುವ ಹಕ್ಕು ನನಗಿರಲಿಲ್ಲ. ಆ ಶೆಡ್ಡಿನಲ್ಲಿ ಈಗ ಮಿಷನ್ನೇ ಗಂಟು ಹಾಕುತ್ತದೆ. ಅದಕ್ಕೂ ಹಳೆಯ ಎಳೆಗಳ ಬಾಲ ಬೇಕು. ಬಾಲ ತಪ್ಪಿಹೋದರೆ, ಪಕ್ಕದ ಎಳೆಯನ್ನು ಮುಟ್ಟಿ ಓದುವವರು ಮಾತ್ರ ಆ ಬೀದಿಯಲ್ಲಿ ಯಾರೂ ಉಳಿದಿಲ್ಲ. ಯಾರ ರಕ್ತದಲ್ಲೂ ಅದು ಇಳಿದು ಬರಲಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಕಲಿಯಬೇಕಾಗಿತ್ತು. ಎರಡು ಹಗಲು ಕೂತಿದ್ದ ನಾನು ಎದ್ದು ಪರೀಕ್ಷೆಗೆ ಹೋದೆ…

ನಾಳೆ ತರಗತಿಗೆ ಈ ಗೊಂಚಲನ್ನು ಒಯ್ಯುತ್ತೇನೆ. ಈಗ ಅದನ್ನು ಮೇಜಿನ ಮೇಲೆ ಹರಡಿ, ಕಣ್ಣು ಮುಚ್ಚಿಕೊಂಡು ಎಳೆಯೆಳೆಯಾಗಿ ಬೆರಳ ನಡುವೆ ಎಳೆದು ನೋಡುತ್ತಿದ್ದೇನೆ. ನನ್ನ ಗಂಟುಗಳು ಒಂದೊಂದೂ ಸಿಗುತ್ತಿವೆ. ದೊಡ್ಡಮ್ಮನ ಎಳೆಗಳು ಎಲ್ಲಿ ಬದನೆ ಮುಗಿದು ಎಲ್ಲಿ ಹಸಿರು ಶುರುವಾಗುತ್ತದೆಂದು ಬೆರಳಿಗೆ ತಿಳಿಯುತ್ತಿಲ್ಲ.